ಮಾಡಬೇಕೆಂದುದರ ನೆನಪು: ಮುಪ್ಪಿನ ಮರೆವನ್ನು ಕುರಿತ ಶಾಸ್ತ್ರವಿಚಾರದ ಇತಿಹಾಸ

ಇತಿಹಾಸವನ್ನು ವ್ಯಾಸಂಗ ಮಾಡುವವರಿಗೆ ನೆನಪು ಎಂದೊಡನೆ ಕಳೆದುಹೋದ ಕಾಲವೇ ಮನಸ್ಸಿಗೆ ಬರುವುದು ಸಹಜ. ಆದರೆ ದಿನನಿತ್ಯದ ಬಾಳಿನಲ್ಲಿ ನೆನಪಿನ ಕೆಲಸ ಆಗಿಹೋದುದಕ್ಕಿಂತ ಹೆಚ್ಚಾಗಿ ಇನ್ನು ಆಗಬೇಕಾದುದಕ್ಕೆ ಸಂಬಂಧಿಸಿರುತ್ತದೆ. ಸಂಜೆ ಊಟವಾದ ಮೇಲೆ ಮಾತ್ರೆ ನುಂಗಬೇಕು. ಒಲೆಯ ಮೇಲಿಟ್ಟ ಹಾಲನ್ನು ಇಳಿಸಬೇಕು. ನೆರೆಮನೆಯವರ ಬೀಗದ ಕೈಯನ್ನು ಅವರು ಬಂದೊಡನೆ ಕೊಡಬೇಕು. ಪಿಂಚಣಿ ತಪ್ಪದಿರಬೇಕಾದರೆ ನವೆಂಬರ್ ತಿಂಗಳಿನಲ್ಲಿ ತಾನು ಬದುಕಿರುವುದಕ್ಕೆ ಪ್ರಮಾಣಪತ್ರ ಒಪ್ಪಿಸಬೇಕು. ಇವುಗಳಲ್ಲಿ ಒಂದೊಂದೂ ಹಿಂದೆ ಮಾಡಿಕೊಂಡ ಸಂಕಲ್ಪವು ಮುಂದೆ ತಕ್ಕ ಸಮಯದಲ್ಲಿ ತಾನಾಗಿ ತಲೆಯೆತ್ತಬೇಕೆಂದು ಕೇಳುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಪ್ರಾಸ್ಪೆಕ್ಟಿವ್ ಮೆಮರಿ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ಇದನ್ನು ‘ಸಂಕಲ್ಪಸ್ಮೃತಿ’ ಎಂದು ಕರೆಯುತ್ತೇನೆ. ಈ ಹೆಸರನ್ನೇ ಏಕೆ ಆರಿಸಿಕೊಂಡೆನೆಂಬುದು ಮುಂದೆ ತಿಳಿಯುವುದು.

ಈ ಸ್ಮೃತಿಯು ಮುಪ್ಪಿನಲ್ಲಿ, ಅದರಲ್ಲಿಯೂ ಇಂದು ವೈದ್ಯರು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಎಂದು ಕರೆಯುವ ಅಲ್ಪ ಬೌದ್ಧಿಕ ಕುಂದಿನ ಅವಸ್ಥೆಯಲ್ಲಿ, ಏನಾಗುತ್ತದೆಂಬ ಪ್ರಶ್ನೆಯನ್ನು ಮನಶ್ಶಾಸ್ತ್ರವು ನೇರವಾಗಿ ಕೇಳಿದ್ದು ತೀರ ಇತ್ತೀಚೆಗೆ. ಏಕೆ ಇಷ್ಟು ತಡವಾಯಿತು? ಆ ತಡದ ಫಲವೇನು? ಇವೆರಡನ್ನೂ ವಿಚಾರಮಾಡುವುದೇ ಇಲ್ಲಿಯ ಉದ್ದೇಶ. ಮನಶ್ಶಾಸ್ತ್ರವು ನನ್ನ ವಿಷಯವಲ್ಲ. ಒಂದು ಭಾವನೆಯು ಹೇಗೆ ಬೆಳೆದು ಬಂದಿತೆಂಬುದನ್ನು ನೋಡುವ ಮಟ್ಟಿಗೆ ಮಾತ್ರ ನಾನು ಈ ಕ್ಷೇತ್ರವನ್ನು ಪ್ರವೇಶಿಸಿದ್ದೇನೆ.

ಸ್ಮೃತಿಯನ್ನು ಹಿಂದಕ್ಕೆ ಮುಖಮಾಡಿ ನಿಲ್ಲಿಸಿದ್ದು ಪಾಶ್ಚಾತ್ಯರ ತಪ್ಪು ಮಾತ್ರವೇ ಅಲ್ಲ. ನಮ್ಮ ನೈಯಾಯಿಕರು ಪೂರ್ವಾನುಭವದ ಸಂಸ್ಕಾರದಿಂದ ಹುಟ್ಟುವ ಜ್ಞಾನವೇ ಸ್ಮೃತಿಯೆಂದು ತಿಳಿದರು. ಯೋಗಸೂತ್ರಕಾರನೂ ಅನುಭವಕ್ಕೆ ಬಂದ ವಿಷಯವು ಜಾರಿಹೋಗದಿರುವುದನ್ನೇ ಸ್ಮೃತಿಯೆಂದನು. ಆದರೆ ಪ್ರಯೋಗಶಾಲೆಯ ಕಟ್ಟುಪಾಡಿಗೆ ಈ ಅರ್ಥವನ್ನು ಬಿಗಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಪ್ರಯೋಗಕ್ಕೆ ಒಳಗಾದವನೂ ಅವನೇ, ಪ್ರಯೋಗ ಮಾಡಿದವನೂ ಅವನೇ. ಅರ್ಥವಿಲ್ಲದ ಉಚ್ಚಾರಾಂಶಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಇಂತಿಷ್ಟು ಹೊತ್ತಿನ ಮೇಲೆ ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಅವನು ಲೆಕ್ಕಹಾಕಿದನು. ಅಳತೆಗೆ ಸಿಕ್ಕಿದ್ದರಿಂದ ಆ ವಿಧಾನವು ಶಾಸ್ತ್ರವಾಯಿತು. ಇಂದಿಗೂ ವೃದ್ಧರೊಬ್ಬರು ಮರೆವಿನ ದೂರು ಹೊತ್ತು ವೈದ್ಯರ ಬಳಿಗೆ ಹೋದರೆ ಮೊದಲು ಮಾಡುವುದು, ಕೆಲವು ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ಮೇಲೆ ಅವನ್ನು ಒಪ್ಪಿಸಹೇಳುವುದೇ. ಒಬ್ಬ ಪಂಡಿತನು ತನ್ನ ಕೋಣೆಯಲ್ಲಿ ಕುಳಿತು ಮಾಡಿದ ಆಯ್ಕೆಯು ಇಷ್ಟು ದೂರ ಬಂದಿದೆ.

ಇಲ್ಲಿ ಎಬ್ಬಿಂಗ್‌ಹೌಸನ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಬಾಯಿಪಾಠದ ಪರೀಕ್ಷೆಯಲ್ಲಿ “ಈಗ ಹೇಳು” ಎಂದು ಕೇಳುವವನೊಬ್ಬನಿರುತ್ತಾನೆ. ಸಂಕಲ್ಪಸ್ಮೃತಿಯ ಪರೀಕ್ಷೆಯಲ್ಲಿ ಹಾಗೆ ಕೇಳಿದರೆ ಪರೀಕ್ಷೆಯೇ ಕೆಟ್ಟಿತು. ಕೇಳದೆಯೇ ನೆನಪಾಗಬೇಕೆಂಬುದೇ ಅದರ ಜೀವಾಳ. ಒಬ್ಬನನ್ನು ಒಂದು ಗಂಟೆಯಲ್ಲಿ ನೂರು ಪದ ಕೇಳಬಹುದು, ಆದರೆ ಮರೆಯುವ ಅವಕಾಶವನ್ನು ನೂರು ಸಲ ಒದಗಿಸುವುದು ಸಾಧ್ಯವಿಲ್ಲ; ಎರಡನೆಯ ಸಲಕ್ಕೇ ಅವನು ಎಚ್ಚರಗೊಂಡಿರುತ್ತಾನೆ. ಸಂಖ್ಯೆಗಳನ್ನು ನಂಬಿದ ಶಾಸ್ತ್ರಕ್ಕೆ ಇಷ್ಟು ಬಡ ಫಸಲಿನ ಹೊಲ ಬೇಡವಾದುದರಲ್ಲಿ ಆಶ್ಚರ್ಯವಿಲ್ಲ.

ಸಂಕಲ್ಪದ ಮರೆವನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರಲ್ಲಿ ಫ್ರಾಯ್ಡನು ಮುಖ್ಯನು. ನಿತ್ಯಜೀವನದ ಮನೋವಿಕಾರಗಳನ್ನು ಕುರಿತು 1901ರಲ್ಲಿ ಅವನು ಬರೆದ ಪ್ರಬಂಧದಲ್ಲಿ, ಮಾಡಬೇಕೆಂದುಕೊಂಡುದು ಮರೆತುಹೋದರೆ ಅದರ ಹಿಂದೆ ಮಾಡಬಾರದೆಂಬ ಒಂದು ಗುಪ್ತ ಇಚ್ಛೆಯಿದೆಯೆಂದು ವಾದಿಸಿದನು. ಇದಕ್ಕೆ ಲೋಕವೇ ಸಾಕ್ಷಿಯೆಂದೂ ಅವನು ಹೇಳುತ್ತಾನೆ. ಪ್ರಣಯದಲ್ಲಿಯೂ ಸೈನ್ಯದಲ್ಲಿಯೂ “ಮರೆತೆ” ಎಂಬ ಮಾತನ್ನು ಯಾರೂ ಕ್ಷಮಿಸುವುದಿಲ್ಲ. ಮರೆತವನು ಅಲಕ್ಷ್ಯ ಮಾಡಿದನೆಂದೇ ಅರ್ಥ. ಈ ವಾದವು ಎಷ್ಟೋ ಸಂದರ್ಭಗಳಲ್ಲಿ ನಿಜವಾಗಿಯೇ ಇರಬಹುದು. ಆದರೆ ಅದರ ಪರಿಣಾಮವಾಗಿ ಸಂಕಲ್ಪದ ಮರೆವು ಬುದ್ಧಿಯ ವಿಷಯವಾಗದೆ ಶೀಲದ ವಿಷಯವಾಗಿ ಉಳಿಯಿತು.

ನಮ್ಮ ಸಾಹಿತ್ಯದಲ್ಲಿ ಈ ಪ್ರಶ್ನೆಯು ಬಹು ಹಿಂದೆಯೇ ಎದ್ದಿತ್ತೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಮಹಾಭಾರತದ ದುಷ್ಯಂತನು ಶಕುಂತಲೆಯನ್ನು ಮರೆತವನಲ್ಲ. ಗುರುತಿದ್ದೂ ಲೋಕಾಪವಾದಕ್ಕೆ ಅಂಜಿ ಇಲ್ಲವೆಂದವನು. ಕಾಳಿದಾಸನು ದುರ್ವಾಸನ ಶಾಪವನ್ನು ತಂದು, ಕರೆಯಿಸಿಕೊಳ್ಳುವೆನೆಂಬ ಮಾತನ್ನು ರಾಜನು ನಿಜವಾಗಿಯೇ ಮರೆಯುವಂತೆ ಮಾಡಿದನು. ಉಂಗುರವು ಕಣ್ಣಿಗೆ ಬೀಳುವವರೆಗೆ ನೆನಪು ಬರುವಂತಿಲ್ಲ. ಅಪರಾಧವನ್ನು ಮರೆವನ್ನಾಗಿ ಮಾರ್ಪಡಿಸಿ ನಾಯಕನನ್ನು ಉಳಿಸಿದ ಕವಿಯ ಈ ಜಾಣ್ಮೆಗೂ, ವೃದ್ಧನ ತಪ್ಪನ್ನು ರೋಗವೆಂದು ಕರೆದು ಅವನನ್ನು ಉಳಿಸುವ ಈ ಕಾಲದ ವೈದ್ಯಕ್ಕೂ ಒಂದು ದೂರದ ನಂಟಿದೆಯೆಂದು ನನಗೆ ತೋರುತ್ತದೆ.

ಫ್ರಾಯ್ಡನಿಗಿಂತ ಭಿನ್ನವಾದ ದಾರಿಯನ್ನು ಹಿಡಿದವನು ಬರ್ಲಿನ್ನಿನ ಕುರ್ಟ್ ಲೆವಿನ್. ಸಂಕಲ್ಪ, ಇಚ್ಛೆ, ಅಗತ್ಯ ಇವನ್ನು ಕುರಿತ ಅವನ ಪ್ರಬಂಧವು 1926ರಲ್ಲಿ ಹೊರಬಂದಿತು. ಅದರಲ್ಲಿ ಬರುವ ಅಂಚೆ ಪೆಟ್ಟಿಗೆಯ ದೃಷ್ಟಾಂತವು ಸರಳವಾದುದು, ಆದರೂ ಅದರಲ್ಲಿ ಒಂದು ಸಿದ್ಧಾಂತವೇ ಅಡಗಿದೆ. ಕಾಗದವನ್ನು ಅಂಚೆಗೆ ಹಾಕಬೇಕೆಂದು ಹೊರಟವನು ಮೊದಲ ಪೆಟ್ಟಿಗೆ ಕಂಡೊಡನೆ ಹಾಕುತ್ತಾನೆ. ಮುಂದೆ ಎರಡನೆಯ ಪೆಟ್ಟಿಗೆ ಕಂಡಾಗ ಅವನಿಗೆ ಏನೂ ಅನ್ನಿಸುವುದಿಲ್ಲ. ಪೆಟ್ಟಿಗೆಗೂ ಕಾಗದಕ್ಕೂ ಕೇವಲ ಅಭ್ಯಾಸದ ಗಂಟು ಬಿದ್ದಿದ್ದರೆ, ಒಮ್ಮೆ ಬಳಸಿದ ಮೇಲೆ ಆ ಗಂಟು ಇನ್ನಷ್ಟು ಬಿಗಿಯಾಗಿ ಎರಡನೆಯ ಪೆಟ್ಟಿಗೆಯು ಮತ್ತಷ್ಟು ಜೋರಾಗಿ ಕಾಗದವನ್ನು ನೆನಪಿಸಬೇಕಾಗಿತ್ತು. ಹಾಗಾಗುವುದಿಲ್ಲ. ಆದುದರಿಂದ ಸಂಕಲ್ಪವೆಂಬುದು ಮನಸ್ಸಿನಲ್ಲಿ ಉಂಟಾದ ಒಂದು ಬಿಗಿತ. ಕೆಲಸ ಮುಗಿದೊಡನೆ, ಅಥವಾ ಕಾಗದವನ್ನು ಸ್ನೇಹಿತನ ಕೈಗೆ ಕೊಟ್ಟೊಡನೆ, ಅದು ಸಡಿಲವಾಗುತ್ತದೆ ಎಂದು ಲೆವಿನ್ ವಿವರಿಸಿದನು. ಅವನ ಶಿಷ್ಯೆಯಾದ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ, ಮುಗಿದ ಕೆಲಸಗಳಿಗಿಂತ ಅರ್ಧಕ್ಕೆ ನಿಂತ ಕೆಲಸಗಳು ಹೆಚ್ಚಾಗಿ ನೆನಪಿನಲ್ಲಿ ಉಳಿಯುತ್ತವೆಂದು ತೋರಿಸಿದಳು. ಇನ್ನೊಬ್ಬ ಶಿಷ್ಯೆ ಗೀಟಾ ಬಿರೆನ್‌ಬೌಮ್ ನಮ್ಮ ವಿಷಯಕ್ಕೆ ಇನ್ನೂ ಸಮೀಪದವಳು. ಆಕೆಯು ಕೆಲವರಿಗೆ ಒಗಟುಗಳ ಹಾಳೆಗಳನ್ನು ಕೊಟ್ಟು, ಪ್ರತಿಯೊಂದು ಹಾಳೆಯ ಮೇಲೂ ಸಹಿ ಹಾಕಬೇಕೆಂದು ಹೇಳಿದಳು. ಒಂದೇ ಬಗೆಯ ಒಗಟುಗಳು ಸಾಲಾಗಿ ಬರುತ್ತಿರುವವರೆಗೆ ಸಹಿ ತಪ್ಪಲಿಲ್ಲ. ಕೆಲಸದ ಬಗೆ ಬದಲಾದೊಡನೆ ಸಹಿ ಮರೆಯಿತು. 1930ರಲ್ಲಿ ಪ್ರಕಟವಾದ ಈ ಅಧ್ಯಯನವು ಸಂಕಲ್ಪದ ಮರೆವನ್ನೇ ನೇರವಾಗಿ ಪ್ರಯೋಗಕ್ಕೆ ಒಡ್ಡಿದ ಮೊದಮೊದಲ ಕೃತಿಗಳಲ್ಲಿ ಒಂದು.

ಇದು ಮುಂದುವರಿಯಬಹುದಾಗಿತ್ತು. ಆದರೆ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯನಾದ ಲೆವಿನ್ ಅಮೆರಿಕೆಗೆ ಹೋದನು, ಜೈಗಾರ್ನಿಕ್ ಅದಕ್ಕೆ ಮೊದಲೇ ಮಾಸ್ಕೋ ಸೇರಿದ್ದಳು, ಗುಂಪು ಚದುರಿತು. ಲೆವಿನ್ನನ ಗಮನವೂ ಅಮೆರಿಕೆಯಲ್ಲಿ ಜನಸಮೂಹದ ವರ್ತನೆಯ ಕಡೆಗೆ ತಿರುಗಿತು. ಒಂದು ಪ್ರಶ್ನೆಯು ಶಾಸ್ತ್ರದಿಂದ ಮರೆಯಾಗುವುದಕ್ಕೆ ಯಾವಾಗಲೂ ಶಾಸ್ತ್ರದೊಳಗಿನ ಕಾರಣವೇ ಬೇಕಾಗಿಲ್ಲ.

ಅನಂತರ ಸುಮಾರು ನಾಲ್ಕು ದಶಕಗಳ ಕಾಲ ಹೇಳಿಕೊಳ್ಳುವಂತಹ ಕೆಲಸ ಬಹಳ ಕಡಿಮೆ. 1970ರ ದಶಕದಲ್ಲಿ ಅಮೆರಿಕೆಯ ಮೀಚಮ್ ಮತ್ತು ಅವರ ಜೊತೆಗಾರರು ವಿದ್ಯಾರ್ಥಿಗಳಿಗೆ ಅಂಚೆ ಕಾರ್ಡುಗಳನ್ನು ಕೊಟ್ಟು, ಗೊತ್ತುಮಾಡಿದ ದಿನಗಳಲ್ಲಿ ಹಿಂದಕ್ಕೆ ಕಳುಹಿಸಬೇಕೆಂದು ಹೇಳಿ ಪರೀಕ್ಷಿಸಿದರು. 1978ರಲ್ಲಿ ವೇಲ್ಸ್ ದೇಶದ ಕಾರ್ಡಿಫ್‌ನಲ್ಲಿ ನೆನಪಿನ ವ್ಯಾವಹಾರಿಕ ಮುಖಗಳನ್ನು ಕುರಿತು ಒಂದು ಸಮ್ಮೇಳನ ನಡೆಯಿತು. ಅಲ್ಲಿ ಉಲ್ರಿಕ್ ನೈಸರ್ ಅವರು, ಬಾಳಿಗೆ ಬೇಕಾದ ನೆನಪನ್ನೇ ಮನಶ್ಶಾಸ್ತ್ರಜ್ಞರು ಬಿಟ್ಟುಬಿಟ್ಟಿದ್ದಾರೆಂದು ತಮ್ಮ ವೃತ್ತಿಬಾಂಧವರನ್ನೇ ಆಕ್ಷೇಪಿಸಿದರು. ಅದೇ ಸಮ್ಮೇಳನದ ಪ್ರಬಂಧಗಳಲ್ಲಿ ವಿಲ್ಕಿನ್ಸ್ ಮತ್ತು ಬ್ಯಾಡ್ಲಿ ಎಂಬವರ ಪ್ರಯೋಗ ಗಮನಾರ್ಹವಾದುದು. ದಿನಕ್ಕೆ ನಾಲ್ಕು ಸಲ ಮಾತ್ರೆ ನುಂಗುವುದರ ಬದಲಾಗಿ, ಒಂದು ಸಣ್ಣ ಯಂತ್ರದ ಗುಂಡಿಯನ್ನು ಒಂದು ವಾರ ಕಾಲ ಒತ್ತಬೇಕೆಂದು ಅವರು ಕೆಲವು ಮಹಿಳೆಯರಿಗೆ ಹೇಳಿದ್ದರು. ಪದಗಳ ಪಟ್ಟಿಯನ್ನು ಚೆನ್ನಾಗಿ ಒಪ್ಪಿಸಿದವರು ಗುಂಡಿ ಒತ್ತುವುದರಲ್ಲಿ ಹಿಂದೆ ಬಿದ್ದರು! ಎಬ್ಬಿಂಗ್‌ಹೌಸನ ನೆನಪೂ ಈ ನೆನಪೂ ಒಂದೇ ಅಲ್ಲವೆಂಬುದಕ್ಕೆ ಇದೊಂದು ಸೂಚನೆ. ಅಧ್ಯಾಪಕವೃತ್ತಿಯವರು ಈ ಫಲಿತಾಂಶವನ್ನು ಓದಿ ಸಮಾಧಾನ ಪಟ್ಟುಕೊಳ್ಳಬಹುದು.

ಮುಪ್ಪಿನ ಪ್ರಶ್ನೆ ಇಲ್ಲಿಂದ ಪ್ರಾರಂಭವಾಗುತ್ತದೆ. ಯಾರೂ ನೆನಪಿಸದಿರುವಾಗ ತಾನೇ ನೆನೆಯಬೇಕಾದ ಕೆಲಸ ವೃದ್ಧರಿಗೆ ಅತ್ಯಂತ ಕಷ್ಟವಾಗಬೇಕೆಂದು ಕೆನಡಾದ ಕ್ರೇಕ್ ಅವರು 1986ರಲ್ಲಿ ತರ್ಕಿಸಿದರು. ಆದರೆ ಮೊಸ್ಕೊವಿಚ್ ಅವರು 1982ರಲ್ಲಿಯೇ ಒಂದು ವಿಚಿತ್ರವನ್ನು ವರದಿ ಮಾಡಿದ್ದರು. ಗೊತ್ತಾದ ವೇಳೆಗೆ ದೂರವಾಣಿ ಕರೆ ಮಾಡಬೇಕೆಂದು ಹೇಳಿದರೆ, ತರುಣರಿಗಿಂತ ವೃದ್ಧರೇ ತಪ್ಪದೆ ಮಾಡುತ್ತಿದ್ದರು. ತರುಣರು ತಮ್ಮ ತಲೆಯನ್ನು ನಂಬಿದರು, ವೃದ್ಧರು ಚೀಟಿಯನ್ನು ನಂಬಿದರು. 1990ರಲ್ಲಿ ಐನ್‌ಸ್ಟೈನ್ ಮತ್ತು ಮ್ಯಾಕ್‌ಡೇನಿಯಲ್ ಎಂಬವರು (ಈ ಐನ್‌ಸ್ಟೈನ್ ಬೇರೆ) ಪದಗಳನ್ನು ಕಲಿಯುತ್ತಿರುವಾಗಲೇ ಗೊತ್ತಾದ ಒಂದು ಪದ ಕಂಡರೆ ಕೀಲಿ ಒತ್ತಬೇಕೆಂಬ ಪ್ರಯೋಗವನ್ನು ರೂಪಿಸಿದರು. ಅದರಲ್ಲಿಯೂ ವಯಸ್ಸಿನ ಭೇದ ಕಾಣಲಿಲ್ಲ. ಯಾವ ಗುರುತೂ ಇಲ್ಲದೆ ಕೇವಲ ಕಾಲವನ್ನು ಗಮನಿಸಿ ಮಾಡಬೇಕಾದ ಕೆಲಸದಲ್ಲಿ ಮಾತ್ರ ವೃದ್ಧರು ಹಿಂದೆ ಬೀಳುವರೆಂಬುದು 1995ರ ವೇಳೆಗೆ ತಿಳಿದುಬಂದಿತು. ಪ್ರಯೋಗಶಾಲೆಯಲ್ಲಿ ಸೋಲುವ ಆರೋಗ್ಯವಂತ ವೃದ್ಧರು ಮನೆಯಲ್ಲಿ ಗೆಲ್ಲುತ್ತಾರೆಂಬ ಈ ವಿರೋಧಾಭಾಸವನ್ನು ಮುಂದೆ ಹಲವು ಅಧ್ಯಯನಗಳು ದೃಢಪಡಿಸಿವೆ. ಅರವತ್ತಕ್ಕೆ ಅರಳು ಮರಳು ಎಂಬ ನಮ್ಮ ಗಾದೆಯನ್ನು ಎಲ್ಲ ವೃದ್ಧರ ಮೇಲೂ ಹೇರುವುದು ಅನ್ಯಾಯವೆಂದಾಯಿತು.

ಈಗ ಇನ್ನೊಂದು ಧಾರೆಯನ್ನು ಗಮನಿಸಬೇಕು. ಅದು ವೈದ್ಯರ ಧಾರೆ. ಪ್ರಾಗ್ ನಗರದಲ್ಲಿ 1903ರಲ್ಲಿ ಹುಟ್ಟಿದ ಕ್ರಾಲ್ ಎಂಬ ವೈದ್ಯರು ನಾತ್ಸಿಗಳ ಥೆರೆಸಿಯೆನ್‌ಸ್ಟಾಟ್ ಬಂಧನಶಿಬಿರದಿಂದ ಬದುಕಿ ಬಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ ವೃದ್ಧರ ಮನೋರೋಗಗಳನ್ನು ಅಭ್ಯಾಸ ಮಾಡಿದರು. 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಮುಪ್ಪಿನ ಮರೆವನ್ನು ಎರಡಾಗಿ ವಿಂಗಡಿಸಿದರು: ಸೌಮ್ಯವಾದುದು ಮತ್ತು ಮಾರಕವಾದುದು. ಹೆಸರು, ತಾರೀಖು ಮೊದಲಾದ ಬಿಡಿ ವಿವರಗಳು ಜಾರಿಹೋಗಿ ಮತ್ತೊಮ್ಮೆ ನೆನಪಿಗೆ ಬರುವುದಾದರೆ ಅದು ಸೌಮ್ಯ. ಇತ್ತೀಚಿನ ಅನುಭವವೇ ಇಡಿಯಾಗಿ ಅಳಿಸಿಹೋದರೆ ಮಾರಕ. ಸೌಮ್ಯ ಮರೆವುಳ್ಳವರಿಗೆ ತಮ್ಮ ಕುಂದು ಗೊತ್ತಿರುತ್ತದೆ, ಅದಕ್ಕಾಗಿ ಅವರು ಕ್ಷಮೆ ಕೇಳುತ್ತಾರೆ ಎಂಬುದನ್ನೂ ಕ್ರಾಲ್ ಗುರುತಿಸಿದರು. ರೋಗಿಯ ಸಂಕೋಚವು ರೋಗಲಕ್ಷಣಗಳ ಪಟ್ಟಿಯಲ್ಲಿ ಸ್ಥಾನ ಪಡೆದದ್ದು ವಿರಳವೆಂದು ನಾನು ಭಾವಿಸುತ್ತೇನೆ.

ಈ ವಿಂಗಡಣೆಯ ನಡುವಣ ಪ್ರದೇಶಕ್ಕೆ 1980ರ ದಶಕದ ಕೊನೆಯಿಂದ ಅಲ್ಪ ಬೌದ್ಧಿಕ ಕುಂದು ಎಂಬ ಹೆಸರು ರೂಢಿಗೆ ಬರತೊಡಗಿತು. ಅದಕ್ಕೆ ಖಚಿತವಾದ ಲಕ್ಷಣವನ್ನು ಕೊಟ್ಟವರು ಅಮೆರಿಕೆಯ ಮೇಯೊ ಕ್ಲಿನಿಕ್ಕಿನ ಪೀಟರ್ಸನ್ ಮತ್ತು ಅವರ ಸಂಗಡಿಗರು. 1999ರ ಅವರ ಲೇಖನದ ಪ್ರಕಾರ ಐದು ಅಂಶಗಳು ಕೂಡಿರಬೇಕು: ಮರೆವಿನ ದೂರು, ವಯಸ್ಸಿಗೆ ಮೀರಿದ ನೆನಪಿನ ಕುಂದು, ಉಳಿದ ಬುದ್ಧಿಶಕ್ತಿ ಸರಿಯಾಗಿರುವುದು, ದಿನಚರಿಯ ಕೆಲಸಗಳು ಸರಿಯಾಗಿ ನಡೆಯುತ್ತಿರುವುದು, ಡಿಮೆನ್ಷಿಯಾ ಇಲ್ಲದಿರುವುದು. ಅವರು ಅನುಸರಿಸಿ ನೋಡಿದ 76 ಮಂದಿಯಲ್ಲಿ ವರ್ಷಕ್ಕೆ ಸುಮಾರು ಶೇಕಡ 12ರಷ್ಟು ಜನ ಮುಂದೆ ಡಿಮೆನ್ಷಿಯಾದ ಮಟ್ಟಕ್ಕೆ ಇಳಿದರು. ಆರೋಗ್ಯವಂತ ವೃದ್ಧರಲ್ಲಿ ಈ ಪ್ರಮಾಣ ಶೇಕಡ 1ರಿಂದ 2 ಮಾತ್ರ. 2003ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ತಜ್ಞರು ಈ ಲಕ್ಷಣವನ್ನು ವಿಸ್ತರಿಸಿ, ನೆನಪಿಗಲ್ಲದೆ ಬುದ್ಧಿಯ ಇತರ ಅಂಗಗಳಿಗೆ ತಗಲಿದ ಕುಂದನ್ನೂ ಅದರಲ್ಲಿ ಸೇರಿಸಿದರು.

ಈ ಲಕ್ಷಣವಾಕ್ಯದೊಳಗೇ ಒಂದು ತೊಡಕಿದೆಯೆಂದು ನನ್ನ ಅಭಿಪ್ರಾಯ. ನೆನಪು ಕುಂದಿರಬೇಕು, ಆದರೆ ದಿನಚರಿ ಕೆಡಬಾರದು. ಪದಗಳ ಪಟ್ಟಿಯನ್ನು ಒಪ್ಪಿಸುವ ನೆನಪು ಮಾತ್ರವೇ ನೆನಪಾದರೆ ಇವೆರಡೂ ಕೂಡಿರಬಹುದು. ಪಟ್ಟಿಯಲ್ಲಿ ನಾಲ್ಕು ಪದ ಮರೆತವನು ಅಂಗಡಿಗೆ ಹೋಗಿ ಬರಬಲ್ಲನು. ಆದರೆ ಮಾತ್ರೆ, ಹಾಲು, ಬೀಗದ ಕೈ ಇವುಗಳ ನೆನಪು ಕುಂದಿದರೆ ದಿನಚರಿಯು ಹೇಗೆ ನೆಟ್ಟಗಿದ್ದೀತು? ಸಂಕಲ್ಪಸ್ಮೃತಿಯೇ ದಿನಚರಿಯ ಬೆನ್ನೆಲುಬು. ಎಬ್ಬಿಂಗ್‌ಹೌಸನಿಂದ ಬಂದ ಒಂದು ಮುಖದ ನೆನಪನ್ನು ಆಧಾರವಾಗಿಟ್ಟುಕೊಂಡುದರಿಂದಲೇ ಈ ಗೆರೆಯನ್ನು ಇಲ್ಲಿ ಎಳೆಯಲು ಸಾಧ್ಯವಾಯಿತು. 2011ರ ಬಳಿಕ ಬಂದ ಪರಿಷ್ಕೃತ ಲಕ್ಷಣಗಳಲ್ಲಿ ಜಟಿಲವಾದ ಕೆಲಸಗಳಲ್ಲಿ ಸ್ವಲ್ಪ ತೊಂದರೆಯಿರಬಹುದೆಂದು ಸಡಿಲಿಕೆ ಕೊಟ್ಟಿರುವುದು ಈ ತೊಡಕನ್ನು ಒಪ್ಪಿಕೊಂಡಂತೆಯೇ ಸರಿ. ಪರೀಕ್ಷೆಗೂ ಬದುಕಿಗೂ ನಡುವೆ ಇಂತಹ ಅಂತರವಿರಬಹುದೆಂದು ಷಾಲಿಸ್ ಮತ್ತು ಬರ್ಜಸ್ ಅವರು 1991ರಲ್ಲಿಯೇ ಬೇರೊಂದು ಸಂದರ್ಭದಲ್ಲಿ ತೋರಿಸಿದ್ದರು. ಮಿದುಳಿನ ಮುಂಭಾಗಕ್ಕೆ ಪೆಟ್ಟುಬಿದ್ದ ಅವರ ಮೂವರು ರೋಗಿಗಳು ಬುದ್ಧಿ ಪರೀಕ್ಷೆಗಳಲ್ಲಿ ಚೆನ್ನಾಗಿ ತೇರ್ಗಡೆಯಾದರೂ, ಪೇಟೆಗೆ ಕಳುಹಿಸಿ ನಾಲ್ಕಾರು ಸಣ್ಣ ಕೆಲಸ ಹೇಳಿದರೆ ಅವನ್ನು ಪೂರೈಸಲಾರದೆ ಹೋದರು.

ಎರಡು ಧಾರೆಗಳೂ ಕೂಡಿದ್ದು 2000ದ ಸುಮಾರಿಗೆ. ಆ ವರ್ಷ ಹಪರ್ಟ್ ಮತ್ತು ಅವರ ಸಹಕಾರಿಗಳು ಬ್ರಿಟನ್ನಿನಲ್ಲಿ 65 ವರ್ಷ ಮೀರಿದ ಸುಮಾರು 12,000 ಮಂದಿಯ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಪರೀಕ್ಷೆಯು ಬಹು ಸರಳ. ಮುಂದೆ ಒಂದು ಲಕೋಟೆ ಕೊಡುತ್ತೇವೆ. ಆಗ ಅದರ ಮೇಲೆ ಹೇಳಿದ ಹೆಸರು ವಿಳಾಸ ಬರೆದು, ಅಂಟಿಸಿ, ಹಿಂಬದಿಗೆ ನಿಮ್ಮ ಹೆಸರಿನ ಮೊದಲಕ್ಷರಗಳನ್ನು ಹಾಕಿ ಎಂದು ಮೊದಲೇ ಹೇಳಿರುತ್ತಾರೆ. ಇದನ್ನು ಪೂರೈಸಿದವರು ಶೇಕಡ 54 ಮಾತ್ರ. ಡಿಮೆನ್ಷಿಯಾದ ಮೊದಲ ಹಂತದಲ್ಲಿದ್ದವರು ಇನ್ನೂ ಬಹಳ ಕೆಳಗಿದ್ದರು. ರೆಂಡೆಲ್ ಮತ್ತು ಕ್ರೇಕ್ ಅವರು ಅದೇ ವರ್ಷ ಹೊರತಂದ, ಪಗಡೆಯಂತೆ ದಾಳವನ್ನು ಹಾಕಿ ಕಾಯಿ ನಡೆಸುತ್ತ ಒಂದು ವಾರದ ದಿನಚರಿಯನ್ನು ಆಡುವ ಪರೀಕ್ಷೆಯನ್ನು 2010ರಲ್ಲಿ ಆಸ್ಟ್ರೇಲಿಯದ ಥಾಂಪ್ಸನ್ ಮತ್ತು ಸಂಗಡಿಗರು ಅಲ್ಪ ಕುಂದಿನ ವೃದ್ಧರಿಗೆ ಕೊಟ್ಟರು. ಗುರುತನ್ನು ಕಂಡು ಮಾಡಬೇಕಾದ ಕೆಲಸದಲ್ಲಿಯೂ, ಕಾಲವನ್ನು ನೋಡಿ ಮಾಡಬೇಕಾದ ಕೆಲಸದಲ್ಲಿಯೂ ಅವರು ಸಮವಯಸ್ಕರಿಗಿಂತ ಹಿಂದಿದ್ದರು. ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ಮಾಡಿದ ವಿಮರ್ಶೆಯು, ಈ ಅವಸ್ಥೆಯಲ್ಲಿ ಹಿಂದಿನದರ ನೆನಪಿನಷ್ಟೇ ಮುಂದಿನದರ ನೆನಪೂ ಕುಂದಿರುವುದೆಂದು ತೀರ್ಮಾನಿಸಿತು.

ಇದರ ಸ್ವರೂಪವನ್ನು ನಾನು ಪುಸ್ತಕಕ್ಕಿಂತ ಮೊದಲು ಮನೆಯಲ್ಲಿ ಕಂಡೆ. ನನ್ನ ಅಜ್ಜಿಯು ಏನಾದರೂ ಮಾಡಬೇಕೆಂದಿದ್ದರೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಕೊನೆಯ ವರ್ಷಗಳಲ್ಲಿ ಗಂಟು ಕೈಗೆ ಸಿಕ್ಕಿದಾಗ ಅದನ್ನು ಹಿಡಿದುಕೊಂಡು, “ಇದು ಯಾತಕ್ಕೋ ಹಾಕಿದ್ದೆ” ಎಂದು ಕುಳಿತುಬಿಡುತ್ತಿದ್ದರು. ಶಾಸ್ತ್ರಜ್ಞರು ಸಂಕಲ್ಪಸ್ಮೃತಿಯಲ್ಲಿ ಎರಡು ಅಂಗಗಳನ್ನು ಹೇಳುತ್ತಾರೆ: ಏನೋ ಮಾಡಬೇಕಾಗಿದೆಯೆಂಬ ಎಚ್ಚರ ಒಂದು, ಮಾಡಬೇಕಾದುದು ಏನೆಂಬ ತಿಳಿವು ಇನ್ನೊಂದು. ಗಂಟು ಮೊದಲನೆಯದನ್ನು ಮಾತ್ರ ಕಾಯಬಲ್ಲುದು. ಅಲ್ಪ ಕುಂದಿನವರಲ್ಲಿ ಎರಡೂ ಸಡಿಲವಾಗುತ್ತವೆ. ಗಂಟೂ ನೆನಪಿಗೆ ಬಾರದ ದಿನಗಳಲ್ಲಿ ನಾವು ಮನೆಯವರು ಅಜ್ಜಿಗೆ, “ಹೇಳಿದ್ದು ಕಿವಿಗೇ ಹಾಕಿಕೊಳ್ಳುವುದಿಲ್ಲ, ಬೇಕೆಂದೇ ಮಾಡುತ್ತಾರೆ” ಎಂದು ಅಂದದ್ದುಂಟು. ಫ್ರಾಯ್ಡನನ್ನು ಓದದವರೂ ಫ್ರಾಯ್ಡನ ತೀರ್ಪನ್ನೇ ಕೊಡುತ್ತಾರೆ. ಹೆಸರು ಮರೆತ ಮುದುಕರನ್ನು ಕಂಡು ಜನ ಕನಿಕರಪಡುತ್ತಾರೆ. ಕೊಟ್ಟ ಮಾತು ಮರೆತವರನ್ನು ಕಂಡರೆ ಕೋಪಗೊಳ್ಳುತ್ತಾರೆ.

ಪರಿಹಾರದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಈ ಅವಸ್ಥೆಯಲ್ಲಿರುವ 769 ಮಂದಿಗೆ ಮೂರು ವರ್ಷ ಔಷಧ ಕೊಟ್ಟು ನೋಡಿದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊನೆಗೆ ಔಷಧ ಪಡೆದವರಿಗೂ ಪಡೆಯದವರಿಗೂ ಹೇಳಿಕೊಳ್ಳುವ ಅಂತರ ಉಳಿಯಲಿಲ್ಲ. ಇದಕ್ಕಿಂತ ಕುತೂಹಲಕರವಾದುದು ಗೋಲ್‌ವಿಟ್ಸರ್ ಅವರು 1990ರ ದಶಕದಲ್ಲಿ ಪ್ರತಿಪಾದಿಸಿದ ವಿಧಾನ. “ಮಾತ್ರೆ ತಪ್ಪಿಸಬಾರದು” ಎಂದುಕೊಳ್ಳುವುದರ ಬದಲು “ರಾತ್ರಿ ಊಟ ಮುಗಿಸಿ ತಟ್ಟೆ ಎತ್ತಿದೊಡನೆ ಮಾತ್ರೆ ನುಂಗುತ್ತೇನೆ” ಎಂದು ಸ್ಥಳ, ಕಾಲ, ಕ್ರಿಯೆಗಳನ್ನು ಕೂಡಿಸಿ ಹೇಳಿಕೊಂಡರೆ ನೆನಪಾಗುವ ಸಂಭವ ಹೆಚ್ಚು. 2001ರಲ್ಲಿ ವೃದ್ಧರ ಮೇಲೆ ನಡೆಸಿದ ಪ್ರಯೋಗದಲ್ಲಿಯೂ ಇದರ ಪ್ರಯೋಜನ ಕಂಡುಬಂದಿತು. ನಮ್ಮಲ್ಲಿ ಪೂಜೆಗೆ ಕುಳಿತವರು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನೂ ದೇಶವನ್ನೂ ಹೇಳಿ, ತಾನು ಇಂತಹವನು ಇಂತಹ ಕರ್ಮವನ್ನು ಮಾಡುವೆನೆಂದು ನುಡಿಯುವುದಕ್ಕೆ ಸಂಕಲ್ಪವೆಂದೇ ಹೆಸರು. ಪೂರ್ವಿಕರಿಗೆ ಇದೆಲ್ಲ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅದರ ಉದ್ದೇಶವೇ ಬೇರೆ. ಆದರೂ ಹೆಸರನ್ನು ಎರವಲು ಪಡೆಯಲು ಇಷ್ಟು ಹೋಲಿಕೆ ಸಾಕು. ಇತ್ತೀಚೆಗೆ ಟೆಕ್ಸಸ್ ಪ್ರಾಂತದ ಬೇಲರ್ ವಿಶ್ವವಿದ್ಯಾಲಯದವರು ಅಲ್ಪ ಕುಂದು ಅಥವಾ ಪ್ರಾರಂಭದ ಡಿಮೆನ್ಷಿಯಾ ಇದ್ದ 52 ಮಂದಿಗೆ ನಾಲ್ಕು ವಾರ ಸ್ಮಾರ್ಟ್‌ಫೋನಿನಲ್ಲಿ ಜ್ಞಾಪನೆ ಇಟ್ಟುಕೊಳ್ಳುವುದನ್ನು ಕಲಿಸಿ ನೋಡಿದರು. ಅವರು ಕಲಿತರು, ಅದರಿಂದ ಅನುಕೂಲವೂ ಆಯಿತು. ಫೋನು ಅಜ್ಜಿಯ ಗಂಟಿನಂತಲ್ಲದೆ ಏನು ಮಾಡಬೇಕೆಂಬುದನ್ನೂ ಹೇಳುತ್ತದೆ.

ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇಕಡ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಅದಕ್ಕೆ ಮುಂಚಿನ ಹಂತದಲ್ಲಿರುವವರನ್ನು ಗುರುತಿಸಬೇಕಾದರೆ ಪರೀಕ್ಷೆಗಳು ಇಲ್ಲಿಯವರಿಗೆ ಒಪ್ಪುವಂತಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸಿದ್ಧಪಡಿಸಿದ ಪರೀಕ್ಷಾಸಮೂಹವು ಐದು ಭಾಷೆಗಳಲ್ಲಿ ಬಂದಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದವರನ್ನು ವರ್ಷ ವರ್ಷವೂ ಅನುಸರಿಸಿ ನೋಡುವ ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದ್ದಾರೆ. ಬ್ರಿಟನ್ನಿನ ಲಕೋಟೆಯ ಪರೀಕ್ಷೆಯನ್ನು ಇಂತಹ ಹಳ್ಳಿಗಳಿಗೆ ಹಾಗೆಯೇ ತಂದರೆ, ಓದುಬರಹ ಬಾರದ ರೈತ ಮಹಿಳೆಯು ಮರೆತುದರಿಂದ ಬರೆಯಲಿಲ್ಲವೋ ಬರೆಯಲು ಬಾರದುದರಿಂದ ಬರೆಯಲಿಲ್ಲವೋ ತಿಳಿಯುವಂತಿಲ್ಲ. ಇದಕ್ಕಿಂತ ತಕ್ಕದ್ದು 1985ರಲ್ಲಿ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ರಚಿಸಿದ ರಿವರ್‌ಮೀಡ್ ಪರೀಕ್ಷೆಯ ಒಂದು ಭಾಗ. ಪರೀಕ್ಷಕನು ಬಂದವರ ಸ್ವಂತ ವಸ್ತುವೊಂದನ್ನು ಇಸಿದುಕೊಂಡು ಅವರ ಎದುರಿಗೇ ಬಚ್ಚಿಡುತ್ತಾನೆ. ಎಲ್ಲ ಮುಗಿಯಿತೆಂದು ತಾನು ಹೇಳಿದಾಗ ಅದನ್ನು ಕೇಳಿ ಪಡೆಯಬೇಕೆಂದೂ ತಿಳಿಸಿರುತ್ತಾನೆ. ಬಾಚಣಿಗೆಯಾಗಲಿ ಎಲೆಯಡಿಕೆಯ ಚೀಲವಾಗಲಿ, ಅದನ್ನು ಕೇಳಿ ಪಡೆಯುವುದಕ್ಕೆ ಅಕ್ಷರಜ್ಞಾನ ಬೇಕಾಗಿಲ್ಲ.